ಮಾನಸಿಕ ಆರೋಗ್ಯದ ಸಂಶೋಧನೆಗೆ ಆಕರ ಹುಡುಕುವುದು ಎಲ್ಲಿ: ಗೂಗಲ್ ಸ್ಕಾಲರ್, ಪಬ್‌ಮೆಡ್, ಶೋಧಗಂಗಾ ಮತ್ತು ಉಳಿದ ದಾರಿಗಳು

ಮನಃಶಾಸ್ತ್ರದ ಎಂ.ಎ., ಎಂ.ಎಸ್ಸಿ. ಕಿರುಪ್ರಬಂಧಗಳಲ್ಲಿ ಸಾಹಿತ್ಯ ಸಮೀಕ್ಷೆಯ (ಹಿಂದಿನ ಅಧ್ಯಯನಗಳ ಪರಿಶೀಲನೆಯ) ಅಧ್ಯಾಯವನ್ನು ಓದಿದರೆ, ಬರೆದವರು ಎಲ್ಲಿ ಹುಡುಕಿದ್ದಾರೆ ಎಂಬುದು ಎರಡು ಪುಟದೊಳಗೆ ಗೊತ್ತಾಗಿಬಿಡುತ್ತದೆ. ಚೀನಾದ ಒಂದು ಅಧ್ಯಯನ, ನೈಜೀರಿಯಾದ ಇನ್ನೊಂದು, ಯಾರೂ ಹೆಸರು ಕೇಳದ ಜರ್ನಲ್ಲಿನ ಮತ್ತೊಂದು, ಹೀಗೆ ಗೂಗಲ್‌ನ ಮೊದಲ ಪುಟದಲ್ಲಿ ಸಿಕ್ಕಿದ್ದೆಲ್ಲ ಸಿಕ್ಕ ಕ್ರಮದಲ್ಲೇ ಕುಳಿತಿರುತ್ತದೆ. ಕೋಲಾರದ ವಿದ್ಯಾರ್ಥಿನಿ ಕೋಲಾರದ ಜನರ ಬಗ್ಗೆ ಬರೆದ ಪ್ರಬಂಧದಲ್ಲಿ ಕೋಲಾರ ಜಿಲ್ಲೆಯಲ್ಲೇ ನಡೆದ ಸಮೀಕ್ಷೆಯ ಸುಳಿವು ಇರುವುದಿಲ್ಲ. ಇದು ಸೋಮಾರಿತನದ ಫಲ ಎಂದು ನಾನು ಒಪ್ಪುವುದಿಲ್ಲ. ಯಾವ ಪ್ರಶ್ನೆಗೆ ಯಾವ ಆಕರ ಎಂಬುದನ್ನು ತರಗತಿಯಲ್ಲಿ ಯಾರೂ ಹೇಳಿಕೊಡದಿರುವುದೇ ಇದಕ್ಕೆ ಮುಖ್ಯ ಕಾರಣ.

ಆಯ್ಕೆ ಮಾಡುವಾಗ ಎರಡು ಸಂಗತಿಗಳನ್ನು ಮೊದಲು ನೋಡಬೇಕು. ನಿಮ್ಮ ಪ್ರಶ್ನೆ ನಿಜವಾಗಿ ಏನನ್ನು ಕೇಳುತ್ತಿದೆ ಎಂಬುದು ಒಂದು. ನೀವು ಓದುತ್ತಿರುವ ಸಂಸ್ಥೆ ಸರ್ಕಾರಿಯೋ, ಅನುದಾನಿತವೋ, ಖಾಸಗಿಯೋ ಎಂಬುದು ಇನ್ನೊಂದು. ಮೊದಲನೆಯದು ಎಲ್ಲಿ ಹುಡುಕಬೇಕೆಂದು ತೀರ್ಮಾನಿಸುತ್ತದೆ, ಎರಡನೆಯದು ಹುಡುಕಿದ್ದನ್ನು ಪೂರ್ತಿ ಓದಲು ಸಾಧ್ಯವೇ ಎಂದು.

ಒಂದು ಉದಾಹರಣೆಯನ್ನು ಕೊನೆಯವರೆಗೂ ಇಟ್ಟುಕೊಳ್ಳೋಣ. ಚಿಕ್ಕಬಳ್ಳಾಪುರ ಜಿಲ್ಲೆಯ ಶಿಡ್ಲಘಟ್ಟದ ರೇಷ್ಮೆ ನೂಲು ಬಿಚ್ಚಾಣಿಕೆ ಘಟಕಗಳಲ್ಲಿ ದುಡಿಯುವ ಮಹಿಳೆಯರಲ್ಲಿ ಖಿನ್ನತೆ ಎಷ್ಟಿದೆ ಎಂದು ಒಬ್ಬ ವಿದ್ಯಾರ್ಥಿನಿ ತಿಳಿಯಬಯಸುತ್ತಾಳೆ. ಕೇಳಲು ಇದು ಒಂದೇ ಪ್ರಶ್ನೆ, ಒಳಗೆ ನಾಲ್ಕಿವೆ: ನಮ್ಮ ದೇಶದಲ್ಲಿ ಖಿನ್ನತೆಯ ಪ್ರಮಾಣ ಎಷ್ಟು, ಕನ್ನಡ ಮಾತನಾಡುವವರಲ್ಲಿ ಅದನ್ನು ಯಾವ ಪ್ರಶ್ನಾವಳಿಯಿಂದ ಅಳೆಯುತ್ತಾರೆ, ದುಡಿಮೆಯ ಸ್ಥಿತಿಗೂ ಖಿನ್ನತೆಗೂ ಇರುವ ನಂಟಿನ ಬಗ್ಗೆ ಏನು ತಿಳಿದಿದೆ, ಈ ಜಿಲ್ಲೆಯಲ್ಲೋ ಅಕ್ಕಪಕ್ಕದ ಜಿಲ್ಲೆಗಳಲ್ಲೋ ಈಗಾಗಲೇ ಯಾರಾದರೂ ಕೆಲಸ ಮಾಡಿದ್ದಾರೆಯೇ. ಈ ನಾಲ್ಕಕ್ಕೂ ಒಂದೇ ಕಡೆ ಉತ್ತರ ಸಿಗುವುದಿಲ್ಲ.

ಗೂಗಲ್ ಸ್ಕಾಲರ್ ಮತ್ತು ಪಬ್‌ಮೆಡ್

2004ರಲ್ಲಿ ಆರಂಭವಾದ, ಸಂಶೋಧನಾ ಲೇಖನಗಳನ್ನು ಹುಡುಕಿಕೊಡುವ ಗೂಗಲ್ ಸ್ಕಾಲರ್ ಉಚಿತ, ಸುಲಭ ಮತ್ತು ವಿಶಾಲ. ಲೇಖನದ ಶೀರ್ಷಿಕೆ, ಸಾರಾಂಶಗಳನ್ನಷ್ಟೇ ನೋಡದೆ ಸಾಧ್ಯವಿದ್ದಲ್ಲೆಲ್ಲ ಇಡೀ ಪಠ್ಯವನ್ನೇ ಅದು ಜಾಲಾಡುತ್ತದೆ. ಅದರ ಬಲವೂ ದೌರ್ಬಲ್ಯವೂ ಇಲ್ಲೇ ಇವೆ. ಸಾರಾಂಶದಲ್ಲಿ ಹೆಸರಿಲ್ಲದೆ ಒಳಗಿನ ಒಂದು ಪ್ಯಾರಾದಲ್ಲಿ ಮಾತ್ರ ಶಿಡ್ಲಘಟ್ಟದ ಪ್ರಸ್ತಾಪವಿರುವ ಲೇಖನ ಇಲ್ಲಿ ಸಿಗಬಹುದು, ಪಬ್‌ಮೆಡ್‌ನಲ್ಲಿ ಸಿಗದು. ಆದರೆ ಅದೇ ಕಾರಣಕ್ಕೆ ಗ್ರಂಥಸೂಚಿಯಲ್ಲಿ ಎಲ್ಲೋ ಒಮ್ಮೆ ಆ ಪದ ಬಂದಿರುವ, ನಿಮಗೆ ಸಂಬಂಧವೇ ಇಲ್ಲದ ಲೇಖನಗಳೂ ರಾಶಿ ಬೀಳುತ್ತವೆ. ಲಕ್ಷಾಂತರ ಫಲಿತಾಂಶಗಳಿವೆ ಎಂದು ತೋರಿಸಿದರೂ ಒಂದು ಹುಡುಕಾಟಕ್ಕೆ 1,000ಕ್ಕಿಂತ ಹೆಚ್ಚನ್ನು ಅದು ನೋಡಗೊಡುವುದಿಲ್ಲ. ಯಾವ ಜರ್ನಲ್ ಒಳಗೆ, ಯಾವುದು ಹೊರಗೆ ಎಂಬ ಪಟ್ಟಿಯನ್ನೂ ಅದು ಪ್ರಕಟಿಸುವುದಿಲ್ಲವಾದ್ದರಿಂದ ಒಳ್ಳೆಯ ಲೇಖನವೂ ಹಣ ಕಟ್ಟಿ ಅಚ್ಚು ಹಾಕಿಸಿದ ಲೇಖನವೂ ಅಲ್ಲಿ ಅಕ್ಕಪಕ್ಕವೇ ಇರುತ್ತವೆ.

ಹಾಗಾಗಿ ಸ್ಕಾಲರನ್ನು ನಾನು ಎರಡು ಕೆಲಸಗಳಿಗೆ ಸೂಚಿಸುತ್ತೇನೆ. ವಿಷಯ ಹೊಸದಾಗಿದ್ದಾಗ ಸಂಶೋಧಕರು ಬಳಸುವ ಪದಗಳು ಯಾವುವು ಎಂದು ಕಂಡುಕೊಳ್ಳುವುದು ಮೊದಲನೆಯದು. ಕೈಯಲ್ಲಿ ಈಗಾಗಲೇ ಒಂದು ಒಳ್ಳೆಯ ಲೇಖನವಿದ್ದರೆ ಅದನ್ನು ಉಲ್ಲೇಖಿಸಿರುವ ನಂತರದ ಲೇಖನಗಳ ಜಾಡು ಹಿಡಿಯುವುದು ಎರಡನೆಯದು. ಪ್ರತಿ ಲೇಖನದ ಕೆಳಗಿರುವ ‘ಸೈಟೆಡ್ ಬೈ’ ಕೊಂಡಿಯನ್ನು ಒತ್ತಿ, ಅದರೊಳಗೆ ಮತ್ತೆ ಕರ್ನಾಟಕ ಎಂದು ಹುಡುಕಿದರೆ ಹತ್ತು ನಿಮಿಷದಲ್ಲಿ ಸಿಗುವುದು ಬೇರೆಡೆ ಅರ್ಧ ದಿನ ಹಿಡಿಯುತ್ತದೆ.

ಪಬ್‌ಮೆಡ್ ಇದಕ್ಕೆ ವಿರುದ್ಧ ಸ್ವಭಾವದ್ದು. ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯ 1996ರಿಂದ ನಡೆಸುತ್ತಿರುವ ಈ ಉಚಿತ ದತ್ತಸಂಚಯದಲ್ಲಿ ಮೂರೂವರೆ ಕೋಟಿಗೂ ಹೆಚ್ಚು ಲೇಖನಗಳ ವಿವರಗಳಿವೆ. ವೈದ್ಯಕೀಯದ್ದಲ್ಲವೇ, ಮನಃಶಾಸ್ತ್ರದವರಿಗೇನು ಕೆಲಸ ಎಂದು ಕೇಳುವವರಿದ್ದಾರೆ. ಮಾನಸಿಕ ಆರೋಗ್ಯ ಎಂಬ ಪದ ವಿಷಯದಲ್ಲಿ ಇರುವ ತನಕ ಕೆಲಸ ಇದ್ದೇ ಇದೆ. ಇದರ ದೊಡ್ಡ ಅನುಕೂಲ ‘ಮೆಶ್’ ಎಂಬ ವಿಷಯ ಶೀರ್ಷಿಕೆಗಳ ವ್ಯವಸ್ಥೆ. ಲೇಖಕರು ಯಾವ ಪದವನ್ನೇ ಬಳಸಿರಲಿ, ಪಬ್‌ಮೆಡ್‌ನ ಮುಖ್ಯ ಭಾಗವಾದ ಮೆಡ್‌ಲೈನ್‌ಗೆ ಸೇರುವ ಪ್ರತಿ ಲೇಖನಕ್ಕೂ ಗ್ರಂಥಾಲಯದ ವ್ಯವಸ್ಥೆಯು ಒಂದು ನಿಗದಿತ ಪದಪಟ್ಟಿಯಿಂದ ಶೀರ್ಷಿಕೆಗಳನ್ನು ಅಂಟಿಸುತ್ತದೆ.

ನಮ್ಮ ವಿದ್ಯಾರ್ಥಿನಿಗೆ ಇದು ಹೇಗೆ ನೆರವಾಗುತ್ತದೆ ನೋಡಿ. ಮೆಶ್ ಪಟ್ಟಿಯಲ್ಲಿ ‘ಡಿಪ್ರೆಷನ್’ ಮತ್ತು ‘ಡಿಪ್ರೆಸಿವ್ ಡಿಸಾರ್ಡರ್’ ಎರಡು ಬೇರೆ ಬೇರೆ ಶೀರ್ಷಿಕೆಗಳು. ಮೊದಲನೆಯದು ಖಿನ್ನತೆಯ ಲಕ್ಷಣಗಳಿಗೆ, ಎರಡನೆಯದು ರೋಗವೆಂದು ನಿರ್ಣಯಿಸಿದ ಸ್ಥಿತಿಗೆ. ಆಕೆ ಪ್ರಶ್ನಾವಳಿ ಹಿಡಿದು ಘಟಕಗಳಿಗೆ ಹೋಗಿ ಅಂಕ ಲೆಕ್ಕ ಹಾಕುವವಳಾದರೆ ಅಳೆಯುತ್ತಿರುವುದು ಲಕ್ಷಣಗಳನ್ನು, ರೋಗವನ್ನಲ್ಲ. ಆಸ್ಪತ್ರೆಗೆ ಬಂದ ರೋಗಿಗಳ ಮೇಲಿನ ಅಧ್ಯಯನಗಳೊಂದಿಗೆ ತನ್ನ ಶೇಕಡಾವಾರನ್ನು ಹೋಲಿಸಿದರೆ ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ಮೊದಲ ಪ್ರಶ್ನೆಯೇ ಅದಾಗಿರುತ್ತದೆ. ಹುಡುಕುವ ಪೆಟ್ಟಿಗೆಯಲ್ಲಿ ಡಿಪ್ರೆಷನ್ ಎಂದಷ್ಟೇ ಹೊಡೆದರೆ ಪಬ್‌ಮೆಡ್ ಎರಡನ್ನೂ ಸೇರಿಸಿ ತರುತ್ತದೆ. ಬೇರ್ಪಡಿಸಬೇಕಾದರೆ ಮೆಶ್ ಪಟ್ಟಿಗೆ ಹೋಗಿ ತಾನೇ ಆರಿಸಬೇಕು.

ಊರ ಹೆಸರಿನಲ್ಲಿ ಹುಡುಕುವಾಗ ಎಚ್ಚರ ಬೇಕು. ಪಬ್‌ಮೆಡ್‌ನಲ್ಲಿ ಕೋಲಾರ ಎಂದು ಹಾಕಿದರೆ ಲೇಖಕರ ವಿಳಾಸದಲ್ಲಿ ಕೋಲಾರ ಇರುವ ಲೇಖನಗಳೂ ಬರುತ್ತವೆ. ಕೋಲಾರದ ಟಮಕದಲ್ಲಿರುವ ವೈದ್ಯಕೀಯ ಕಾಲೇಜಿನವರು ಬರೆದ, ಕೋಲಾರದ ಜನರಿಗೂ ಮನಸ್ಸಿಗೂ ಸಂಬಂಧವಿಲ್ಲದ ಲೇಖನಗಳನ್ನು ಹೊರಗಿಡಲು ಹುಡುಕಾಟವನ್ನು ಶೀರ್ಷಿಕೆ ಮತ್ತು ಸಾರಾಂಶಕ್ಕೆ ಸೀಮಿತಗೊಳಿಸಬೇಕು. ಇನ್ನು ತುಮಕೂರು 2014ರ ನವೆಂಬರ್ 1ರವರೆಗೆ ಇಂಗ್ಲಿಷಿನಲ್ಲಿ ತುಮ್ಕೂರ್ ಆಗಿತ್ತು, ಆಮೇಲೂ ಹಲವರು ಹಾಗೆಯೇ ಬರೆಯುತ್ತಾರೆ, ಆದ್ದರಿಂದ ಎರಡೂ ಕಾಗುಣಿತಗಳನ್ನು ನಡುವೆ ‘ಆರ್’ (OR, ಅಂದರೆ ಅಥವಾ) ಸೇರಿಸಿ ಕೊಡಬೇಕು. ಚಿಕ್ಕಬಳ್ಳಾಪುರಕ್ಕೆ ಮೂರ್ನಾಲ್ಕು ಕಾಗುಣಿತಗಳಿವೆ. ಅದಕ್ಕಿಂತ ಮುಖ್ಯವಾದುದು, ಆ ಜಿಲ್ಲೆ ಕೋಲಾರದಿಂದ ಬೇರೆಯಾದದ್ದೇ 2007ರಲ್ಲಿ. ಅದಕ್ಕೂ ಮೊದಲು ಚಿಂತಾಮಣಿ, ಗೌರಿಬಿದನೂರು, ಶಿಡ್ಲಘಟ್ಟಗಳಲ್ಲಿ ನಡೆದ ಯಾವುದೇ ಅಧ್ಯಯನ ಕೋಲಾರ ಜಿಲ್ಲೆಯ ಹೆಸರಿನಲ್ಲೇ ಇರುತ್ತದೆ. ತಾಲ್ಲೂಕಿನ ಹೆಸರು ಎಷ್ಟೋ ಸಲ ಜಿಲ್ಲೆಯ ಹೆಸರಿಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ: ತೀವ್ರ ಮನೋರೋಗವಿರುವವರಿಗಾಗಿ ತುರುವೇಕೆರೆ ತಾಲ್ಲೂಕಿನಲ್ಲಿ ನಿಮ್ಹಾನ್ಸ್ ತಂಡ ನಡೆಸಿದ ಸಮುದಾಯ ಕಾರ್ಯಕ್ರಮದ ಲೇಖನಗಳನ್ನು ತುರುವೇಕೆರೆ ಎಂದೇ ಹುಡುಕಬೇಕು, ತುಮಕೂರು ಎಂದು ಹುಡುಕಿದವರಿಗೆ ಅವು ತಪ್ಪಿಹೋಗಬಹುದು.

ಸೈಕ್‌ಇನ್ಫೋ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್ನಿನ ಈ ದತ್ತಸಂಚಯ ಮನಃಶಾಸ್ತ್ರಕ್ಕೆಂದೇ ಇರುವಂಥದ್ದು, ಸಾಮಾಜಿಕ ಮತ್ತು ವ್ಯಕ್ತಿತ್ವ ಮನಃಶಾಸ್ತ್ರದ ಜರ್ನಲ್‌ಗಳ ವಿಷಯದಲ್ಲಿ ಪಬ್‌ಮೆಡ್‌ಗಿಂತ ಬಹಳ ಮುಂದಿದೆ, ಆದರೆ ಚಂದಾ ಕಟ್ಟಿದ ಸಂಸ್ಥೆಗಳಿಗೆ ಮಾತ್ರ ಲಭ್ಯ. ನಿಮ್ಮ ಗ್ರಂಥಾಲಯದಲ್ಲಿ ಇದ್ದರೆ ದುಡಿಮೆ ಮತ್ತು ಖಿನ್ನತೆಯಂಥ ಸೈದ್ಧಾಂತಿಕ ಪ್ರಶ್ನೆಗೆ ಮೊದಲು ಅಲ್ಲಿಗೇ ಹೋಗಿ. ಇಲ್ಲದಿದ್ದರೆ ಸ್ಕಾಲರ್ ಮತ್ತು ಪಬ್‌ಮೆಡ್ ಎರಡನ್ನೂ ಬಳಸಿ ಕೊರತೆಯನ್ನು ಬಹುಮಟ್ಟಿಗೆ ತುಂಬಿಕೊಳ್ಳಬಹುದು. ವಿದ್ಯಾರ್ಥಿಗಳ ಮಾನಸಿಕ ಆರೋಗ್ಯ ನಿಮ್ಮ ವಿಷಯವಾಗಿದ್ದರೆ ಅಮೆರಿಕದ ಶಿಕ್ಷಣ ಇಲಾಖೆಯ ‘ಎರಿಕ್’ ದತ್ತಸಂಚಯ ಕೂಡ ಉಚಿತವಾಗಿದೆ.

ಎರಡು ಅಂಕಿ, ಎರಡು ಬಗೆಯ ಆಕರ

ನಮ್ಮ ದೇಶದಲ್ಲಿ ಮಾನಸಿಕ ಅನಾರೋಗ್ಯ ಎಷ್ಟಿದೆ ಎಂಬುದಕ್ಕೆ ಪ್ರಬಂಧಗಳಲ್ಲಿ ಎರಡು ಉತ್ತರಗಳು ಕಾಣುತ್ತವೆ, ಕೆಲವೊಮ್ಮೆ ಒಂದೇ ಪುಟದಲ್ಲಿ. ವಯಸ್ಕರಲ್ಲಿ ಶೇ 10.6 ಎನ್ನುವುದು ಒಂದು. ಏಳು ಜನರಲ್ಲಿ ಒಬ್ಬರಿಗೆ, ಅಂದರೆ 19.73 ಕೋಟಿ ಜನರಿಗೆ ಎನ್ನುವುದು ಇನ್ನೊಂದು. ಎರಡೂ ಸರಿ. ಆದರೆ ಅವು ಒಂದೇ ವಸ್ತುವಿನ ಎರಡು ಅಳತೆಗಳಲ್ಲ.

ಮೊದಲನೆಯದು ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯದು. 12 ರಾಜ್ಯಗಳಲ್ಲಿ ಮನೆಮನೆಗೆ ಹೋಗಿ ನಿರ್ದಿಷ್ಟ ಸಂದರ್ಶನ ವಿಧಾನದಿಂದ ಪಡೆದ ಮಾಹಿತಿ ಅದು, ಶೇ 10.6 ಸಂದರ್ಶನದ ಹೊತ್ತಿಗೆ ಇದ್ದ ತೊಂದರೆ, ಜೀವಮಾನದಲ್ಲಿ ಎಂದಾದರೂ ಬಂದಿತ್ತೇ ಎಂದರೆ ಶೇ 13.7. ಎರಡನೆಯದು 2020ರ ಲ್ಯಾನ್ಸೆಟ್ ಸೈಕಿಯಾಟ್ರಿಯಲ್ಲಿ ಅಚ್ಚಾದ ರೋಗಭಾರದ ಅಂದಾಜು. 2017ನೇ ವರ್ಷಕ್ಕೆ ಸಂಬಂಧಿಸಿದ ಈ ಲೆಕ್ಕವನ್ನು ಲಭ್ಯವಿರುವ ಅನೇಕ ಅಧ್ಯಯನಗಳನ್ನು ಸಂಖ್ಯಾಶಾಸ್ತ್ರದ ಮಾದರಿಯೊಂದರಲ್ಲಿ ಒಟ್ಟುಗೂಡಿಸಿ ಪಡೆಯಲಾಗಿದೆ. ಅದರಲ್ಲಿ ಎಲ್ಲ ವಯಸ್ಸಿನವರೂ ಇದ್ದಾರೆ, ಬುದ್ಧಿಮಾಂದ್ಯತೆ, ಆಟಿಸಂನಂಥ ಸ್ಥಿತಿಗಳೂ ಸೇರಿವೆ.

ಶಿಡ್ಲಘಟ್ಟದ ಪ್ರಬಂಧಕ್ಕೆ ಯಾವುದು? ಹೋಲಿಕೆಗೆ ಕ್ಷೇತ್ರ ಸಮೀಕ್ಷೆಯೇ ಹತ್ತಿರದ್ದು, ಏಕೆಂದರೆ ಅದು ವಯಸ್ಕರನ್ನು ನೇರವಾಗಿ ಮಾತನಾಡಿಸಿದೆ. ಆದರೆ ಒಂದು ತೊಡಕಿದೆ. ಆ 12 ರಾಜ್ಯಗಳಲ್ಲಿ ಕರ್ನಾಟಕ ಇಲ್ಲ! ಸಮೀಕ್ಷೆಯನ್ನು ನಡೆಸಿದ ಸಂಸ್ಥೆ ಬೆಂಗಳೂರಿನದು, ಸಮೀಕ್ಷೆಗೆ ಮುಂಚಿನ ಪೂರ್ವಸಿದ್ಧತಾ ಅಧ್ಯಯನ ನಡೆದದ್ದು ಕೋಲಾರ ಜಿಲ್ಲೆಯಲ್ಲಿ, ಆದರೂ ಮುಖ್ಯ ಸಮೀಕ್ಷೆಯಲ್ಲಿ ನಮ್ಮ ರಾಜ್ಯದ ಅಂಕಿಯಿಲ್ಲ. ಕರ್ನಾಟಕದ ಅಂದಾಜು ಬೇಕೆಂದರೆ ರಾಜ್ಯವಾರು ಲೆಕ್ಕ ಕೊಡುವ ಲ್ಯಾನ್ಸೆಟ್ ಲೇಖನಕ್ಕೇ ಹೋಗಬೇಕು. ಆದ್ದರಿಂದ ಎರಡನ್ನೂ ಉಲ್ಲೇಖಿಸಿ, ಯಾವುದು ಸಂದರ್ಶನದಿಂದ ಬಂದದ್ದು, ಯಾವುದು ಮಾದರಿಯ ಅಂದಾಜು ಎಂದು ಒಂದು ವಾಕ್ಯದಲ್ಲಿ ಬರೆದುಬಿಡುವುದು ಸರಿ. ಮೂಲ ವರದಿಯ ವಿಧಾನದ ಅಧ್ಯಾಯವನ್ನು ಓದದೆ, ಪತ್ರಿಕೆಯ ಸುದ್ದಿಯಿಂದ ಅಂಕಿ ಎತ್ತಿದವರಿಗೆ ಈ ವ್ಯತ್ಯಾಸ ಕಾಣುವುದೇ ಇಲ್ಲ.

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ ಆತ್ಮಹತ್ಯೆಯ ವಾರ್ಷಿಕ ವರದಿಯನ್ನು ಬಳಸುವಾಗಲೂ ಇದೇ ವಿವೇಚನೆ ಇರಲಿ. 2022ರಲ್ಲಿ ದೇಶದಲ್ಲಿ 1,70,924 ಆತ್ಮಹತ್ಯೆಗಳು ದಾಖಲಾಗಿವೆ ಎಂದು ಅದು ಹೇಳುತ್ತದೆ. ಅದು ಪೊಲೀಸ್ ಠಾಣೆಗಳ ದಾಖಲೆ, ಅಲ್ಲಿನ ‘ಕಾರಣ’ ಎಂಬ ಕಲಂ ಮನಃಶಾಸ್ತ್ರದ ವಿಶ್ಲೇಷಣೆಯಲ್ಲ.

ಪ್ರಶ್ನಾವಳಿಗೆ ಶೋಧಗಂಗಾ

ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ನಡೆಸುವ ಶೋಧಗಂಗಾದಲ್ಲಿ ದೇಶದ ವಿಶ್ವವಿದ್ಯಾಲಯಗಳ ಪಿಎಚ್.ಡಿ. ಮಹಾಪ್ರಬಂಧಗಳು ಪೂರ್ಣಪಾಠದಲ್ಲಿ, ಉಚಿತವಾಗಿ ಸಿಗುತ್ತವೆ. ಯುಜಿಸಿ 2009ರ ನಿಯಮಾವಳಿಯಲ್ಲಿ ವಿದ್ಯುನ್ಮಾನ ಪ್ರತಿ ಸಲ್ಲಿಸಬೇಕೆಂದು ವಿಧಿಸಿದ ಮೇಲೆ ಇದು ಬೆಳೆದುಕೊಂಡು ಬಂದಿದೆ. ಮಹಾಪ್ರಬಂಧ ಪರೀಕ್ಷಕರ ಕಣ್ಣು ದಾಟಿ ಬಂದಿರುತ್ತದೆ ನಿಜ, ಜರ್ನಲ್ ಲೇಖನದ ಹಾಗೆ ಸಂಕ್ಷಿಪ್ತವೂ ಅಲ್ಲ, ಗುಣಮಟ್ಟ ಏಕರೂಪವೂ ಅಲ್ಲ. ಅಲ್ಲಿನ ಸಾಹಿತ್ಯ ಸಮೀಕ್ಷೆಯಿಂದ ಪ್ಯಾರಾಗಳನ್ನು ಎತ್ತಿಕೊಳ್ಳುವುದು ಅಪಾಯ. ಮೂಲ ಲೇಖನವನ್ನು ಓದದೆ ಇನ್ನೊಬ್ಬರ ಉಲ್ಲೇಖವನ್ನು ನಕಲು ಮಾಡಿದಾಗ ಅವರ ತಪ್ಪೂ ನಿಮ್ಮ ಹೆಸರಿಗೆ ಬರುತ್ತದೆ.

ಹಾಗಾದರೆ ಅದರ ಉಪಯೋಗವೇನು? ಅನುಬಂಧಗಳು. ಕನ್ನಡ ಮಾತನಾಡುವ ಜನರ ಮೇಲೆ ಕೆಲಸ ಮಾಡಿದ ಸಂಶೋಧಕರು ಪ್ರಶ್ನಾವಳಿಯನ್ನು ಹೇಗೆ ಅನುವಾದಿಸಿದರು, ಅದನ್ನು ಮತ್ತೆ ಇಂಗ್ಲಿಷಿಗೆ ತಂದು ಸರಿನೋಡಿದರೋ ಇಲ್ಲವೋ, ಓದುಬರಹ ಬಾರದವರಿಗೆ ಓದಿ ಹೇಳಿ ಉತ್ತರ ಪಡೆದರೋ ಎಂಬ ವಿವರಗಳಿಗೆ ಜರ್ನಲ್ ಲೇಖನದಲ್ಲಿ ಜಾಗವಿರುವುದಿಲ್ಲ, ಮಹಾಪ್ರಬಂಧದಲ್ಲಿ ಇರುತ್ತದೆ. ಬಿಚ್ಚಾಣಿಕೆ ಘಟಕದಲ್ಲಿ ಬಿಸಿನೀರಿನ ಬೋಗುಣಿಯ ಮುಂದೆ ಕುಳಿತ ಹೆಂಗಸಿಗೆ ಪ್ರಶ್ನೆಗಳನ್ನು ಕೇಳುವುದು ಹೇಗೆ ಎಂಬುದಕ್ಕೆ ಅಂಥ ವಿವರಗಳೇ ಬೇಕು.

ಪ್ರಶ್ನಾವಳಿ ಆರಿಸುವಾಗ ಹಕ್ಕುಸ್ವಾಮ್ಯವನ್ನೂ ಹೋಲಿಸಬೇಕು. 2001ರಲ್ಲಿ ಪ್ರಕಟವಾದ, ಖಿನ್ನತೆಯ ಲಕ್ಷಣಗಳನ್ನು ಅಳೆಯುವ ಒಂಬತ್ತು ಪ್ರಶ್ನೆಗಳ ಪಿಎಚ್‌ಕ್ಯೂ-9ನ್ನು ಅನುಮತಿ, ಶುಲ್ಕ ಯಾವುದೂ ಇಲ್ಲದೆ ಬಳಸಬಹುದು, ಕನ್ನಡ ಆವೃತ್ತಿಯೂ ಲಭ್ಯವಿದೆ; ಹಿಂದಿನ ಎರಡು ವಾರಗಳ ಬಗ್ಗೆ ಕೇಳುತ್ತದೆ, ಒಟ್ಟು ಅಂಕ 27, ಸಾಮಾನ್ಯವಾಗಿ 10 ಮತ್ತು ಅದಕ್ಕಿಂತ ಹೆಚ್ಚು ಬಂದರೆ ಮುಂದಿನ ತಪಾಸಣೆ ಬೇಕೆಂದು ಪರಿಗಣಿಸುತ್ತಾರೆ. ಬೆಕ್ ಖಿನ್ನತಾ ಮಾಪನ ಹಾಗಲ್ಲ, ಅದನ್ನು ಪ್ರಕಾಶಕರಿಂದ ಕೊಳ್ಳಬೇಕು. ಜೆರಾಕ್ಸ್ ಪ್ರತಿಗಳು ಕೈಯಿಂದ ಕೈಗೆ ಓಡಾಡುತ್ತಿವೆ ಎಂಬುದು ಅನುಮತಿಯಲ್ಲ. ಪಿಎಚ್‌ಕ್ಯೂ-9ರ ಒಂಬತ್ತನೆಯ ಪ್ರಶ್ನೆ ಸಾಯುವ ಯೋಚನೆಯ ಬಗ್ಗೆ ಇರುವುದರಿಂದ ಹೌದು ಎಂದವರನ್ನು ಎಲ್ಲಿಗೆ ಕಳುಹಿಸುತ್ತೀರಿ ಎಂಬುದನ್ನು ನೈತಿಕ ಸಮಿತಿಗೆ ಕೊಡುವ ಅರ್ಜಿಯಲ್ಲೇ ಬರೆಯಬೇಕು. ಟೆಲಿ-ಮನಸ್ ಸಹಾಯವಾಣಿ 14416 ಮತ್ತು ಜಿಲ್ಲಾಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗದ ಹೆಸರು ಅಲ್ಲಿರಲಿ.

ಪೂರ್ಣಪಾಠ ಯಾರಿಗೆ, ಹೇಗೆ

ಸಾರಾಂಶ ಓದಿ ಉಲ್ಲೇಖಿಸುವ ಚಾಳಿಗೆ ಮೊದಲೆಲ್ಲ ಒಂದು ನೆಪವಿತ್ತು, ಲೇಖನಕ್ಕೆ ಮೂರು ಸಾವಿರ ರೂಪಾಯಿ ಕೇಳುತ್ತಾರೆ ಎಂದು. ಸರ್ಕಾರಿ ಸಂಸ್ಥೆಗಳ ಮಟ್ಟಿಗೆ ಆ ನೆಪ ಈಗ ಇಲ್ಲ. ಕೇಂದ್ರ ಸಂಪುಟ 2024ರ ನವೆಂಬರ್ 25ರಂದು ಒಪ್ಪಿದ ‘ಒಂದು ರಾಷ್ಟ್ರ, ಒಂದು ಚಂದಾ’ ಯೋಜನೆಗೆ 2025ರಿಂದ ಮೂರು ವರ್ಷಕ್ಕೆ ₹6,000 ಕೋಟಿ ಇಡಲಾಗಿದ್ದು, 30 ಪ್ರಕಾಶಕರ ಸುಮಾರು 13,000 ಜರ್ನಲ್‌ಗಳು ಕೇಂದ್ರ ಮತ್ತು ರಾಜ್ಯ ಸರ್ಕಾರಗಳ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ತೆರೆದಿವೆ. ಎಲ್ಸೆವಿಯರ್, ಸ್ಪ್ರಿಂಗರ್ ನೇಚರ್, ವೈಲಿ, ಸೇಜ್, ಟೇಲರ್ ಅಂಡ್ ಫ್ರಾನ್ಸಿಸ್ ಇದರಲ್ಲಿದ್ದಾರೆ ಎಂದರೆ ಮನಃಶಾಸ್ತ್ರದ ದೊಡ್ಡ ಪಾಲು ಸಿಕ್ಕಂತೆಯೇ. ತುಮಕೂರು ವಿಶ್ವವಿದ್ಯಾಲಯ, ಕೋಲಾರದ ಬೆಂಗಳೂರು ಉತ್ತರ ವಿಶ್ವವಿದ್ಯಾಲಯ ಹಾಗೂ ಸರ್ಕಾರಿ ಕಾಲೇಜುಗಳ ವಿದ್ಯಾರ್ಥಿಗಳು ತಮ್ಮ ಗ್ರಂಥಪಾಲಕರ ಬಳಿ ಹೋಗಿ ಲಾಗಿನ್ ಮಾಡಿಸಿಕೊಳ್ಳಬೇಕು. ಕೇಳದವರಿಗೆ ಅದು ತಾನಾಗಿ ಬರುವುದಿಲ್ಲ.

ಖಾಸಗಿ ಕಾಲೇಜಿನವರ ದಾರಿ ಸ್ವಲ್ಪ ಸುತ್ತು. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜಾದರೆ ಅದರ ‘ಹೆಲಿನೆಟ್’ ಡಿಜಿಟಲ್ ಗ್ರಂಥಾಲಯ ಇದೆ. ಉಳಿದವರು ಮುಕ್ತ ಆಕರಗಳನ್ನು ಮೊದಲು ಮುಗಿಸಲಿ. ಇಂಡಿಯನ್ ಸೈಕಿಯಾಟ್ರಿಕ್ ಸೊಸೈಟಿಯ ಇಂಡಿಯನ್ ಜರ್ನಲ್ ಆಫ್ ಸೈಕಿಯಾಟ್ರಿ ಮತ್ತು ಅದರ ದಕ್ಷಿಣ ವಲಯ ಶಾಖೆಯ ಇಂಡಿಯನ್ ಜರ್ನಲ್ ಆಫ್ ಸೈಕಲಾಜಿಕಲ್ ಮೆಡಿಸಿನ್ ಎರಡೂ ಪೂರ್ತಿ ಉಚಿತ, ಎರಡರಲ್ಲೂ ದಕ್ಷಿಣ ಭಾರತದ ಕೆಲಸ ಧಾರಾಳವಾಗಿದೆ. ನನ್ನನ್ನು ಕೇಳಿದರೆ, ನಮ್ಮ ಜಿಲ್ಲೆಗಳ ವಿಷಯಕ್ಕೆ ಈ ಎರಡರ ಹಳೆಯ ಸಂಚಿಕೆಗಳು ಯಾವುದೇ ದುಬಾರಿ ಚಂದಾಕ್ಕಿಂತ ಹೆಚ್ಚು ಪ್ರಯೋಜನಕಾರಿ. ಪಬ್‌ಮೆಡ್‌ನಲ್ಲಿ ‘ಫ್ರೀ ಫುಲ್ ಟೆಕ್ಸ್ಟ್’ ಗುರುತು ಹಾಕಿ ನೋಡುವುದು, ಸ್ಕಾಲರ್‌ನಲ್ಲಿ ‘ಆಲ್ ವರ್ಷನ್ಸ್’ ಒತ್ತಿ ಲೇಖಕರ ಸಂಸ್ಥೆಯ ಪ್ರತಿ ಇದೆಯೇ ನೋಡುವುದು, ‘ಅನ್‌ಪೇವಾಲ್’ ಎಂಬ ಉಚಿತ ಸೇರ್ಪಡೆಯನ್ನು ಬ್ರೌಸರಿಗೆ ಹಾಕಿಕೊಳ್ಳುವುದು ಆಮೇಲಿನವು. ಏನೂ ಸಿಗದಿದ್ದರೆ ಲೇಖನದಲ್ಲಿರುವ ಇ-ಮೇಲ್ ವಿಳಾಸಕ್ಕೆ, ತಾನು ಯಾರು, ಏಕೆ ಬೇಕು ಎಂದು ನಾಲ್ಕು ಸಾಲು ಬರೆದರೆ ಎಷ್ಟೋ ಲೇಖಕರು ಪ್ರತಿಯನ್ನು ಕಳುಹಿಸುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್ ಗ್ರಂಥಾಲಯಕ್ಕೆ ಹೋಗುವವರು ಹೊರಗಿನವರಿಗೆ ಪ್ರವೇಶದ ನಿಯಮ ಏನೆಂದು ಮೊದಲೇ ವಿಚಾರಿಸಿ, ವಿಭಾಗದ ಮುಖ್ಯಸ್ಥರ ಪತ್ರ ಹಿಡಿದು ಹೋಗಲಿ.

ಜರ್ನಲ್ ಮತ್ತು ಚಾಟ್‌ಬಾಟ್: ಯಾವುದನ್ನು ಎಷ್ಟು ನಂಬುವುದು

ಜರ್ನಲ್ ನಂಬಲರ್ಹವೇ ಎಂದು ನೋಡುವ ಕೆಲಸ ಕೆಲವು ವರ್ಷ ‘ಯುಜಿಸಿ ಕೇರ್ ಪಟ್ಟಿಯಲ್ಲಿದೆಯೇ’ ಎಂಬ ಒಂದೇ ಪ್ರಶ್ನೆಯಲ್ಲಿ ಮುಗಿಯುತ್ತಿತ್ತು. 2025ರ ಫೆಬ್ರವರಿಯಲ್ಲಿ ಯುಜಿಸಿ ಆ ಪಟ್ಟಿಯನ್ನೇ ನಿಲ್ಲಿಸಿ, ಜರ್ನಲ್ ಆಯ್ಕೆಯ ಹೊಣೆಯನ್ನು ಸಂಸ್ಥೆಗಳಿಗೆ ಬಿಟ್ಟಿತು. ಈಗ ನೀವೇ ನೋಡಬೇಕು: ಮೆಡ್‌ಲೈನ್‌ನಲ್ಲಿ ಇದೆಯೇ, ಸ್ಕೋಪಸ್ ದತ್ತಸಂಚಯದ ಉಚಿತ ಜರ್ನಲ್ ಪಟ್ಟಿಯಲ್ಲಿದೆಯೇ, ಮುಕ್ತ ಜರ್ನಲ್ ಆದರೆ ಮುಕ್ತ ಜರ್ನಲ್‌ಗಳ ಸೂಚಿಯಾದ ಡಿಒಎಜೆಯಲ್ಲಿದೆಯೇ. ಮೂರರಲ್ಲೂ ಇಲ್ಲದ, ಒಂದು ವಾರದಲ್ಲಿ ಪ್ರಕಟಿಸುವುದಾಗಿ ಜಾಹೀರಾತು ಕೊಡುವ, ಕೃಷಿಯಿಂದ ಮನೋವಿಶ್ಲೇಷಣೆಯವರೆಗೆ ಎಲ್ಲವನ್ನೂ ಅಚ್ಚು ಹಾಕುವ ಜರ್ನಲ್ಲಿನ ಲೇಖನವನ್ನು ಉಲ್ಲೇಖಿಸದಿರುವುದೇ ಮೇಲು, ಅದು ನಿಮ್ಮ ಊರಿನ ಬಗ್ಗೆಯೇ ಇದ್ದರೂ.

ಚಾಟ್‌ಬಾಟ್‌ಗಳನ್ನು ಆಕರ ಹುಡುಕುವ ಸಾಧನವೆಂದು ಬಳಸುವವರು ಹೆಚ್ಚುತ್ತಿದ್ದಾರೆ. ಪದಗಳನ್ನು ಸೂಚಿಸಲು, ಹುಡುಕಾಟದ ಸೂತ್ರ ಕಟ್ಟಲು ಅವು ನೆರವಾಗುತ್ತವೆ. ಉಲ್ಲೇಖಗಳನ್ನು ಕೇಳಿದಾಗ ಮಾತ್ರ ನಿಜವಾದ ಲೇಖಕರ ಹೆಸರು, ನಿಜವಾದ ಜರ್ನಲ್, ನಂಬುವಂಥ ವರ್ಷ ಸೇರಿಸಿ ಇಲ್ಲದ ಲೇಖನವನ್ನು ಸೃಷ್ಟಿಸಿಕೊಡುವುದುಂಟು. ಹಾಗಾಗಿ ಪ್ರತಿಯೊಂದರ ಡಿಒಐ ಸಂಖ್ಯೆಯನ್ನು (ಲೇಖನದ ಶಾಶ್ವತ ಗುರುತನ್ನು) ತೆರೆದು ಲೇಖನ ಇದೆಯೇ, ಇದ್ದರೂ ಚಾಟ್‌ಬಾಟ್ ಹೇಳಿದ್ದನ್ನೇ ಅದು ಹೇಳುತ್ತದೆಯೇ ಎಂದು ನೋಡದೆ ಒಂದನ್ನೂ ಗ್ರಂಥಸೂಚಿಗೆ ಸೇರಿಸಬಾರದು. ಲೇಖನವನ್ನು ಜರ್ನಲ್ ಹಿಂತೆಗೆದುಕೊಂಡಿದೆಯೇ ಎಂಬುದೂ ಮುಖ್ಯ. ಉಚಿತವಾಗಿ ಸಿಗುವ ಝೊಟೆರೊ ತಂತ್ರಾಂಶದಲ್ಲಿ ನಿಮ್ಮ ಆಕರಗಳನ್ನು ಇಟ್ಟುಕೊಂಡರೆ ಹಿಂತೆಗೆದ ಲೇಖನಗಳಿಗೆ ಅದೇ ಎಚ್ಚರಿಕೆಯ ಗುರುತು ಹಾಕುತ್ತದೆ, ಎಪಿಎ (ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್) ಏಳನೇ ಆವೃತ್ತಿಯ ಶೈಲಿಯಲ್ಲಿ ಗ್ರಂಥಸೂಚಿಯನ್ನೂ ತಯಾರಿಸಿಕೊಡುತ್ತದೆ.

ಹುಡುಕುವ ಕ್ರಮದ ಬಗ್ಗೆ ಕೇಳಿದರೆ, ಶಿಡ್ಲಘಟ್ಟದ ವಿದ್ಯಾರ್ಥಿನಿಗೆ ನಾನು ಹೇಳುವುದು ಇಷ್ಟು. ಮೊದಲ ದಿನ ಸ್ಕಾಲರ್‌ನಲ್ಲಿ ಪದಗಳನ್ನು ಸಂಗ್ರಹಿಸಲಿ. ನಂತರದ ವಾರ ಪಬ್‌ಮೆಡ್‌ನಲ್ಲಿ ಮೆಶ್ ಶೀರ್ಷಿಕೆಗಳೊಂದಿಗೆ, ಊರುಗಳ ಎಲ್ಲ ಕಾಗುಣಿತಗಳೊಂದಿಗೆ ಸರಿಯಾದ ಹುಡುಕಾಟ ನಡೆಸಲಿ. ಪ್ರಶ್ನಾವಳಿಗೆ ಮಾತ್ರ ಶೋಧಗಂಗಾಕ್ಕೆ ಹೋಗಲಿ. ಪ್ರಮಾಣದ ಅಂಕಿಗೆ ಮೂಲ ವರದಿಗಳನ್ನೇ ತೆರೆಯಲಿ. ಪ್ರತಿ ಹುಡುಕಾಟದ ತಾರೀಖು, ಬಳಸಿದ ಪದಗಳು, ಬಂದ ಫಲಿತಾಂಶಗಳ ಸಂಖ್ಯೆ, ಇಟ್ಟುಕೊಂಡದ್ದೆಷ್ಟು, ಬಿಟ್ಟದ್ದೇಕೆ ಎಂಬುದನ್ನು ಒಂದು ಎಕ್ಸೆಲ್ ಹಾಳೆಯಲ್ಲಿ ಅಂದಂದೇ ಬರೆದಿಡಲಿ. ‘ಈ ವಿಷಯದ ಮೇಲೆ ಅಧ್ಯಯನಗಳಿಲ್ಲ’ ಎಂಬ ವಾಕ್ಯವನ್ನು ಪ್ರಬಂಧದಲ್ಲಿ ಬರೆಯುವ ಹಕ್ಕು ಆ ಹಾಳೆಯನ್ನು ತೋರಿಸಬಲ್ಲವರಿಗಷ್ಟೇ ಇರುತ್ತದೆ, ವೈವಾದಲ್ಲಿ ಪರೀಕ್ಷಕರು ಕೇಳುವುದೂ ಅದನ್ನೇ.